ಹೊಸ ಸೈಕಲ್ ಫ್ರೇಮಿಗೆ ಹಳೆಯ ಭಾಗಗಳನ್ನು ಜೋಡಿಸಲು ಹೊರಟವರು ದಯವಿಟ್ಟು ಓದಿ

ಕಾಫಿ ತೋಟದ ಕಲ್ಲುದಾರಿಗಳಲ್ಲಿ, ಮಾಂದಲ್‌ಪಟ್ಟಿಯ ಜೀಪು ಹಾದಿಯಲ್ಲಿ ಏಳು ವರ್ಷ ಓಡಿಸಿದ ನನ್ನ ಮೌಂಟನ್ ಬೈಕಿನ ಅಲ್ಯೂಮಿನಿಯಂ ಫ್ರೇಮ್ ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಪೆಡಲ್ ಕೂರುವ ಕ್ರ್ಯಾಂಕಿನ ಬಳಿಯ ಬೆಸುಗೆಯಲ್ಲಿ ಬಿರುಕು ಬಿಟ್ಟಿತು. ಅಲ್ಯೂಮಿನಿಯಂ ಫ್ರೇಮನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಬೆಸೆಸಿದರೆ, ನಂತರ ಶಾಖ ಸಂಸ್ಕರಣೆ ಇಲ್ಲದೆ ಆ ಜಾಗ ಸಾಮಾನ್ಯವಾಗಿ ಮೊದಲಿನ ಬಲಕ್ಕೆ ಬರುವುದಿಲ್ಲ. ಚಕ್ರ, ಮುಂದಿನ ಚಕ್ರ ಹಿಡಿಯುವ ಫೋರ್ಕ್, ಬ್ರೇಕ್, ಗೇರ್ ಎಲ್ಲವೂ ಚೆನ್ನಾಗಿಯೇ ಇದ್ದುದರಿಂದ ಫ್ರೇಮ್ ಒಂದನ್ನೇ ಕೊಂಡರೆ ಸಾಕೆಂದು ನಿರ್ಧರಿಸಿ, ಮೈಸೂರಿನ ಒಂದು ಸೈಕಲ್ ಅಂಗಡಿಗೆ ನನ್ನ ಬೈಕಿನ ಹನ್ನೊಂದು ಚಿತ್ರಗಳನ್ನು ವಾಟ್ಸಾಪ್‌ನಲ್ಲಿ ಕಳುಹಿಸಿದೆ. ಹಿಂದಿನ ಹಬ್ (ಚಕ್ರದ ನಡುಭಾಗ) 135 ಮಿ.ಮೀ. ಅಗಲ, ಕ್ವಿಕ್ ರಿಲೀಸ್ (ಲಿವರ್ ತಿರುಗಿಸಿ ಚಕ್ರ ಬಿಚ್ಚುವ ಬಗೆ) ಎಂದು ಬರೆದೇ ಕಳುಹಿಸಿದ್ದೆ. ಬಂದ ಉತ್ತರ ಇಷ್ಟೇ: "ಎಲ್ಲಾ ಕೂರುತ್ತೆ ಸರ್, ನೀವು ಬನ್ನಿ."

34,000 ರೂಪಾಯಿ ಮೊದಲೇ ಕಟ್ಟಿ, ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ದೂರ ಜೀಪಿನಲ್ಲಿ ಬೈಕ್ ಹೇರಿಕೊಂಡು ಹೋದೆ. ಮೆಕ್ಯಾನಿಕ್ ಹಳೆಯ ಬೈಕನ್ನು ಪೂರ್ತಿ ಬಿಚ್ಚಿ, ಒಂದೊಂದು ಭಾಗವನ್ನೂ ಬಟ್ಟೆಯ ಮೇಲೆ ಸಾಲಾಗಿ ಇಟ್ಟ ಮೇಲೆಯೇ ಹಿಂದಿನ ಚಕ್ರವನ್ನು ಹೊಸ ಫ್ರೇಮಿಗೆ ಹಿಡಿದರು. ಚಕ್ರ ಎರಡೂ ಬದಿಗೆ ತಾಗದೆ ಅಲ್ಲಾಡಿತು. ಫ್ರೇಮ್ ‘ಬೂಸ್ಟ್’ ಎಂಬ ಅಗಲ ಹಬ್ಬಿನ ಅಳತೆಯದು, ಅಂದರೆ 148 ಮಿ.ಮೀ.; ಅದರಲ್ಲಿ ಕ್ವಿಕ್ ರಿಲೀಸ್ ಕೂರುವ ಸೀಳೇ ಇಲ್ಲ, 12 ಮಿ.ಮೀ. ಥ್ರೂ ಆಕ್ಸಲ್, ಅಂದರೆ ಫ್ರೇಮ್ ಮತ್ತು ಹಬ್ ಎರಡರೊಳಗೂ ಹಾಯುವ ದಪ್ಪ ಅಚ್ಚು, ತೂರುವ ರಂಧ್ರ ಮಾತ್ರ ಇದೆ. ಪೂರಾ 13 ಮಿ.ಮೀ. ವ್ಯತ್ಯಾಸ. ನಾನು ಬರೆದು ಕಳುಹಿಸಿದ್ದ ಆ ಒಂದೇ ಸಂಖ್ಯೆಯನ್ನು ಯಾರೂ ಓದಿರಲಿಲ್ಲ ಎಂದು ಅರಿವಾದ ಆ ಕ್ಷಣದಲ್ಲಿ, ಜೊತೆಗೆ ಬಂದಿದ್ದ ಮಗನ ಮುಖ ನೋಡಲು ನನಗೆ ನಾಚಿಕೆಯಾಯಿತು.

"ಅಡಾಪ್ಟರ್ ಹಾಕಿದ್ರಾಯ್ತು ಸರ್" ಎಂದರು ಮಾಲೀಕರು. ಹತ್ತು ನಿಮಿಷದ ನಂತರ ಅವರೇ ಬಂದು, ಆ ಅಡಾಪ್ಟರ್ 142 ಮಿ.ಮೀ. ಥ್ರೂ ಆಕ್ಸಲ್ ಹಬ್‌ಗೆ ಮಾತ್ರ ಆಗುತ್ತದೆ ಎಂದರು. ಹಾಗಾದರೆ ಫ್ರೇಮ್ ವಾಪಸ್ ತೆಗೆದುಕೊಳ್ಳಿ ಎಂದೆ. "ಪ್ಯಾಕಿಂಗ್ ಬಿಚ್ಚಿದ ಮೇಲೆ ವಾಪಸ್ ಇಲ್ಲ ಸರ್. ಅಳತೆ ನೋಡ್ಕೊಳ್ಳೋದು ಗಿರಾಕಿ ಜವಾಬ್ದಾರಿ ಅಲ್ವಾ?" ಎಂದು ಕೇಳಿದರು. ಅಳತೆ ಬರೆದು ಕಳುಹಿಸಿದ ಗಿರಾಕಿಯನ್ನೇ ಹಾಗೆ ಕೇಳಿದರು! ವಾಟ್ಸಾಪ್ ತೆರೆದು ತೋರಿಸಿದಾಗ, ಅದು ಅಂಗಡಿ ಹುಡುಗ ಕಳುಹಿಸಿದ ಉತ್ತರ ಎಂದರು.

ಬಿಚ್ಚಿದ ಬೈಕ್ ಅವರ ನೆಲದ ಮೇಲೆ ಹರಡಿ ಬಿದ್ದಿರುವಾಗ ನಾನು ಏನು ತಾನೇ ಮಾಡಬಹುದಿತ್ತು? ಒಪ್ಪಿಕೊಂಡೆ. ಹೊಸ ಹಬ್ ಹಾಕಿ ಹಿಂದಿನ ಚಕ್ರ ಕಟ್ಟಿಸಲು 11,500. ಹಳೆಯ ಫೋರ್ಕಿನ ಕಾಂಡ ನೇರವಾದದ್ದು, ಹೊಸ ಫ್ರೇಮಿನ ತಲೆ, ಅಂದರೆ ಫೋರ್ಕಿನ ಕಾಂಡ ಕೂರುವ ಹೆಡ್ ಟ್ಯೂಬ್, ಕೆಳಗೆ ಅಗಲವಾದದ್ದು. ಅದನ್ನು ಹೊಂದಿಸುವ ಹೆಡ್‌ಸೆಟ್ ಎಂಬ ಬೇರಿಂಗ್ ಜೋಡಿಗೆ 2,600. ಕ್ರ್ಯಾಂಕ್ ತಿರುಗುವ ಬೇರಿಂಗ್, ಅಂದರೆ ಬಾಟಮ್ ಬ್ರ್ಯಾಕೆಟ್, ನನ್ನದು ತಿರುಪಿ ಕೂರಿಸುವಂಥದ್ದು, ಹೊಸ ಫ್ರೇಮಿನದು ಒತ್ತಿ ಕೂರಿಸುವಂಥದ್ದು, ಅದಕ್ಕೆ 1,800. ಗೇರ್ ಬದಲಿಸಲು ಚೈನ್ ಸರಿಸುವ ಮುಂದಿನ ಡಿರೇಲರ್ ಹಿಡಿಸಲು ಜಾಗವೇ ಇಲ್ಲದ್ದರಿಂದ ಪೆಡಲ್ ಬಳಿಯ ಒಂಟಿ ಹಲ್ಲುಚಕ್ರಕ್ಕೆ (ಚೈನ್‌ರಿಂಗ್) 2,400, ಹಿಂದಿನ ಹಲ್ಲುಚಕ್ರಗಳ ದೊಡ್ಡ ಕ್ಯಾಸೆಟ್ ಹಾಗೂ ಹಿಂದಿನ ಡಿರೇಲರ್‌ಗೆ 7,200. ಸೀಟ್ ಪೋಸ್ಟ್ 27.2 ಮಿ.ಮೀ. ಇದ್ದುದು 30.9ರ ಕೊಳವೆಗೆ ಕೂರಲು ಒಳಪಟ್ಟಿ, ಕೇಬಲ್ ಇತ್ಯಾದಿ 900. ಕೂಲಿ 3,500. ಫ್ರೇಮಿಗೆ ಕಟ್ಟಿದ 34,000 ಸೇರಿ ಒಟ್ಟು 63,900. ಅದೇ ಅಂಗಡಿಯ ಗೋಡೆಗೆ ನೇತುಹಾಕಿದ್ದ, ಹೊಸ ಫೋರ್ಕ್, ಹೊಸ ಬ್ರೇಕ್, ವಾರಂಟಿ ಎಲ್ಲವೂ ಇದ್ದ ಪೂರ್ಣ ಬೈಕಿನ ಬೆಲೆ 66,000. ನಾನು ಉಳಿಸಿದ್ದು 2,100 ರೂಪಾಯಿ. ನನಗೆ ದಕ್ಕಿದ್ದು ಏಳು ಮಳೆಗಾಲ ಕಂಡ ಫೋರ್ಕ್ ಮತ್ತು ಬ್ರೇಕ್.

ಹಿಂದಿನ ಆಕ್ಸಲ್, ಹೆಡ್ ಟ್ಯೂಬ್, ಬಾಟಮ್ ಬ್ರ್ಯಾಕೆಟ್, ಸೀಟ್ ಪೋಸ್ಟ್, ಈ ನಾಲ್ಕರ ಅಳತೆಯನ್ನು ಅಂಗಡಿಯವರ ಕೈಯಲ್ಲೇ ಬಿಲ್ಲಿನ ಮೇಲೆ ಬರೆಸಿಕೊಳ್ಳದೆ ಹಣ ಕೊಡಬೇಡಿ. ಹಿಂದಿನ ಆಕ್ಸಲ್ ಒಂದೇ ಹೊಂದದಿದ್ದರೂ ಪೂರ್ಣ ಬೈಕನ್ನೇ ಕೊಳ್ಳಿ. "ಎಲ್ಲಾ ಕೂರುತ್ತೆ" ಎಂಬ ಮಾತನ್ನು ಮಾತ್ರ ನಂಬಬೇಡಿ.

ನನ್ನ ಹಳೆಯ 135 ಮಿ.ಮೀ. ಹಬ್ ಈಗಲೂ ಕಾಫಿ ಗೋದಾಮಿನಲ್ಲಿದೆ, ಬೇರಿಂಗ್ ಚೆನ್ನಾಗಿದೆ. ಕೊಡಗಿನಲ್ಲಿ ಯಾರಿಗಾದರೂ ಬೇಕಿದ್ದರೆ ಹಣವಿಲ್ಲದೆ ಕೊಡುತ್ತೇನೆ. ಬರುವ ಮೊದಲು ನಿಮ್ಮ ಫ್ರೇಮನ್ನು ಅಳೆದುಕೊಂಡು ಬನ್ನಿ.