ಫಿಯೆಟ್‌ಗೆ ಗುಜರಿ ಅಲಾಯ್ ಹಾಕುವ ಮುಂಚೆ ಬೋಲ್ಟ್ ತೂತು ಅಳೆಯಿರಿ

ಹಳೇ ಪದ್ಮಿನಿ, ಅಂದರೆ ಫಿಯೆಟ್ ಕಾರು, ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮ ಮನೆಯಲ್ಲಿ ಅಪ್ಪ ಓಡಿಸುತ್ತಿದ್ದ 1984ರ ಪ್ರೀಮಿಯರ್ ಪದ್ಮಿನಿ ಇದೆ. ಮುಂದಿನ ಎರಡು ಡಿಸ್ಕ್ (ಟೈರ್ ಕೂರುವ ಕಬ್ಬಿಣದ ಚಕ್ರ) ತುಕ್ಕು ಹಿಡಿದಿದ್ದವು. ಅದರ 5.20-14 ಅಳತೆಯ ಟೈರ್ ಕೂಡ ಬೇಕು ಅಂದಾಗ ಸಿಗಲ್ಲ. ಬೆಂಗಳೂರಿನ ಒಂದು ಗುಜರಿ ಅಂಗಡಿಯಲ್ಲಿ 14 ಇಂಚಿನ ಎರಡು ಅಲಾಯ್ (ಮಿಶ್ರಲೋಹದ ಚಕ್ರ) ಸಿಕ್ಕವು, 165/65 ಅಳತೆಯ ರೇಡಿಯಲ್ ಟೈರ್ ಸಮೇತ. "ನಾಲ್ಕು ಬೋಲ್ಟಿಂದೇ ಸಾರ್, ಕಣ್ಮುಚ್ಚಿ ಹಾಕ್ಕೊಳಿ" ಅಂದರು. ಬೋಲ್ಟ್‌ಗಳು ಹೋದವು, ಟೈಟೂ ಆದವು. ನಂಬಿಬಿಟ್ಟೆ.

ಮೂರನೇ ವಾರ ಮನೆಯವರ ಜೊತೆ ಹಾಸನಕ್ಕೆ ಹೊರಟೆ. ಕುಣಿಗಲ್ ದಾಟುತ್ತಿದ್ದಂತೆ ಸ್ಟೀರಿಂಗ್ ನಡುಗಲು ಶುರುವಾಯಿತು. ಬ್ಯಾಲೆನ್ಸಿಂಗ್ ಹೋಗಿರಬೇಕು ಅಂದುಕೊಂಡು ಹಾಗೇ ಓಡಿಸಿದೆ. ಯಡಿಯೂರು ಹತ್ತಿರ ಬಲಗಡೆಯಿಂದ ಟಕ್ ಟಕ್ ಸದ್ದು. ಇಳಿದು ನೋಡಿದರೆ ಒಂದು ಬೋಲ್ಟ್ ಮುರಿದು ತಲೆಯೇ ಇಲ್ಲ. ಇನ್ನೆರಡು ಬೆರಳಲ್ಲೇ ತಿರುಗುತ್ತಿದ್ದವು. ಮಗಳು ಹಿಂದಿನ ಸೀಟಲ್ಲಿ ಮಲಗಿದ್ದಳು. ಕೈಕಾಲು ತಣ್ಣಗಾಯಿತು.

ಪಂಚರ್ ಅಂಗಡಿಯವರು ಚಕ್ರ ಬಿಚ್ಚಿ ಬೋಲ್ಟ್ ಕೂರುವ ಜಾಗ ತೋರಿಸಿದರು. ಪ್ರತಿ ತೂತಿನಲ್ಲೂ ಒಂದೇ ಕಡೆ ಉಗುರಿನ ತುದಿಯಷ್ಟು ಜಾಗ ಉಜ್ಜಿ ಹೊಳೆಯುತ್ತಿತ್ತು. ಉಳಿದ ಕಡೆ ಕಪ್ಪಗೇ ಇತ್ತು. "ಇದು ಈ ಗಾಡಿದಲ್ಲ ಸಾರ್" ಅಂದರು. ಫಿಯೆಟ್‌ನಲ್ಲಿ ಎದುರುಬದುರು ಬೋಲ್ಟ್‌ಗಳ ನಡುವೆ 98 ಮಿ.ಮೀ. ಆ ಅಲಾಯ್‌ನಲ್ಲಿ 100. ಎರಡೇ ಮಿ.ಮೀ. ವ್ಯತ್ಯಾಸ, ಅದಕ್ಕೇ ಬೋಲ್ಟ್ ಹೋಗುತ್ತದೆ, ಮೋಸವೂ ಅಲ್ಲೇ ಆಗುತ್ತದೆ. ಬೋಲ್ಟ್ ತಲೆ ಸರಿಯಾಗಿ ಕೂರದೆ ಒಂದು ಅಂಚಿನ ಮೇಲೆ ನಿಂತಿರುತ್ತದೆ. ಓಡಿದಷ್ಟೂ ಸಡಿಲವಾಗಿ ಕೊನೆಗೆ ಮುರಿಯುತ್ತದೆ.

ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. ಅಲಾಯ್ ದಪ್ಪ ಇರುತ್ತದೆ. ಹಳೇ ಡಿಸ್ಕ್‌ನ ಬೋಲ್ಟ್ ಅದಕ್ಕೆ ಗಿಡ್ಡವಾಗುತ್ತದೆ. ಕೈಯಲ್ಲಿ ತಿರುಗಿಸುವಾಗ ಎಷ್ಟು ಸುತ್ತು ಹೋಗುತ್ತದೆ ಅಂತ ಎಣಿಸಿ. ನನ್ನದು ಐದೇ ಸುತ್ತಿಗೆ ನಿಂತಿತ್ತು, ಹಳೇ ಡಿಸ್ಕ್‌ಗಾದರೆ ಅದರ ದುಪ್ಪಟ್ಟು.

ಟೈರ್ ವಿಷಯದಲ್ಲೂ ತಪ್ಪು ಮಾಡಿದ್ದೆ. 165/65 ಹಾಕಿದರೆ ಚಕ್ರದ ಎತ್ತರ 57 ಸೆಂ.ಮೀ., ಹಿಂಬದಿ ಚಕ್ರದ ಹಳೇ ಟೈರ್ 60ಕ್ಕೂ ಜಾಸ್ತಿ. ಗಾಡಿ ಮೂತಿ ತಗ್ಗಿಸಿದ ಹಾಗೆ ನಿಂತಿತ್ತು. ಅದಕ್ಕಿಂತ ಅಪಾಯ ಅಂದರೆ ಮುಂದೆ ಈಗಿನ ಮಾದರಿಯ ರೇಡಿಯಲ್, ಹಿಂದೆ ಹಳೇ ಮಾದರಿಯ ಕ್ರಾಸ್ ಪ್ಲೈ ಟೈರ್. ಮುಂದೆ ಹಿಡಿತ ಜಾಸ್ತಿ, ಹಿಂದೆ ಕಮ್ಮಿ. ಮಳೆಯಲ್ಲಿ ಒಂದು ತಿರುವಿನಲ್ಲಿ ಹಿಂಭಾಗ ಸರ್ರನೆ ಜಾರಿದಾಗಲೇ ನನಗೆ ಅರ್ಥವಾಗಬೇಕಿತ್ತು. ನಾಲ್ಕಕ್ಕೂ ಒಂದೇ ಜಾತಿ, ಒಂದೇ ಅಳತೆ ಇರಲಿ. ಗುಜರಿ ಟೈರ್‌ನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಅದನ್ನೂ ನೋಡಿ. 2311 ಅಂದರೆ 2011ರ 23ನೇ ವಾರ. ನನ್ನದರಲ್ಲಿ ನೆಲಕ್ಕೆ ತಾಗುವ ಗುಂಡಿಗಳು ಸವೆಯದೆ ಚೆನ್ನಾಗಿದ್ದವು, ಪಕ್ಕದಲ್ಲೆಲ್ಲ ಸಣ್ಣ ಬಿರುಕು.

ಬೋಲ್ಟ್ ತೂತು ಅಳೆಯಲು ಟೇಪ್ ಸಾಲದು, ವರ್ನಿಯರ್ (ಮಿ.ಮೀ.ಗಿಂತ ಸಣ್ಣ ಅಳತೆಯನ್ನೂ ತೋರಿಸುವ ಉಪಕರಣ) ಬೇಕು. ಒಂದು ತೂತಿನ ಹೊರ ಅಂಚಿನಿಂದ ಎದುರಿನ ತೂತಿನ ಒಳ ಅಂಚಿಗೆ ಹಿಡಿಯಿರಿ, ಎರಡು ತೂತುಗಳ ಮಧ್ಯದಿಂದ ಮಧ್ಯಕ್ಕೆ ಇರುವ ಅಂತರವೇ ಸಿಗುತ್ತದೆ.

ಈಗ ಇನ್ನೊಂದು ಪದ್ಮಿನಿಯ ಕಬ್ಬಿಣದ ಡಿಸ್ಕ್ ಹುಡುಕಿ ಹಾಕಿಸಿದ್ದೇನೆ. ಅಲಾಯ್‌ಗಳನ್ನು ಗುಜರಿಯವರು ಅರ್ಧ ಬೆಲೆಗೆ ವಾಪಸ್ ತಗೊಂಡರು. ಕೊಡುವ ಮುಂಚೆ ಎರಡರ ಒಳಗಡೆಯೂ ಬಿಳಿ ಪೇಂಟ್‌ನಲ್ಲಿ ದೊಡ್ಡದಾಗಿ ಬರೆದಿದ್ದೇನೆ: "100. ಫಿಯೆಟ್‌ಗೆ ಬೇಡ."