ಪೇಪರ್ ಕೊಯ್ದು ತೋರಿಸಿದ್ದನ್ನ ರಿವ್ಯೂ ಅಂತ ನಂಬಿ ಕೆಟ್ಟೆ: ‘ಸರ್ವೈವಲ್ ಚಾಕು’ ತಗೊಳ್ಳೋ ಮುಂಚೆ ಓದಿ

ಮೊದಲೇ ಹೇಳಿಬಿಡ್ತೀನಿ, ದುಡ್ಡು ದೊಡ್ಡದಲ್ಲ. 3,499 ರೂಪಾಯಿ. ಹೋದ್ರೆ ಹೋಯ್ತು ಅನ್ಕೋಬಹುದಿತ್ತು. ಆದ್ರೆ ಮಾವನ ಎದುರಿಗೆ, ಕಣದಲ್ಲಿ ಕಾಫಿ ಹರವ್ತಿದ್ದ ಆಳುಗಳ ಎದುರಿಗೆ ಮರ್ಯಾದೆ ಹೋಯ್ತಲ್ಲ, ಅದನ್ನ ಯಾರು ರೀಫಂಡ್ ಮಾಡ್ತಾರೆ? ಹದಿನೈದು ದಿನ ಬಾಯಿ ಮುಚ್ಕೊಂಡಿದ್ದೆ. ನಿನ್ನೆ ರಾತ್ರಿ ಆ ರಿವ್ಯೂ ಮಾಡಿದ ಮಹಾನುಭಾವ ಅದೇ ಚಾಕು ಹಿಡ್ಕೊಂಡು ಇನ್ನೊಂದು ವೀಡಿಯೋ ಬಿಟ್ಟಿದ್ದಾನೆ. ಈ ಸಲ ‘ಮಲೆನಾಡು ಸ್ಪೆಷಲ್’ ಅಂತೆ. ಮೈ ಉರಿದು ಬರೀತಿದೀನಿ, ಹಿಂದೆಮುಂದೆ ಆದ್ರೆ ಹೊಂದಿಸ್ಕೊಂಡು ಓದಿ.

ನಾನಿರೋದು ಹಾಸನದಲ್ಲಿ. ಹೆಂಡತಿ ಊರು ಬಾಳ್ಳುಪೇಟೆ ಕಡೆ, ಐದೆಕರೆ ಕಾಫಿ, ಸಿಲ್ವರ್ ಮರಕ್ಕೆ ಹಬ್ಬಿಸಿದ ಮೆಣಸು. ಮಾವನ ಸೊಂಟದಲ್ಲಿ ಕೊಂಬೆ ಕಡಿಯೋ ಕತ್ತಿ ಇರತ್ತೆ, ಮೇಸ್ತ್ರಿ ಸೊಂಟದಲ್ಲೂ ಕತ್ತಿ ಇರತ್ತೆ. ನನ್ನ ಸೊಂಟದಲ್ಲಿ ಬೈಕ್ ಕೀ. ತೋಟ ಸುತ್ತೋವಾಗ ನಂದೂ ಒಂದು ಇರ್ಲಿ ಅನ್ನೋ ಆಸೆ, ಅಷ್ಟೇ. ಅಂಗಡಿಗೆ ಹೋಗಿ ಇನ್ನೂರೈವತ್ತು ರೂಪಾಯಿದು ತಗೊಂಡಿದ್ರೆ ಮುಗೀತಿತ್ತು. ನಾನು ರಿವ್ಯೂ ನೋಡಿದೆ.

ಹನ್ನೊಂದು ನಿಮಿಷದ ವೀಡಿಯೋ. ‘ದಿನಬಳಕೆಗೂ ಸೈ, ಕಾಡಲ್ಲಿ ಬದುಕೋಕೂ ಸೈ, ಟಾಪ್ 5 ಚಾಕು.’ ನಂಬರ್ ಒನ್ ಇದು. ಏಳಿಂಚಿನ ಕಪ್ಪು ಅಲಗು, ಬೆನ್ನ ಮೇಲೆ ಗರಗಸದ ಹಲ್ಲು, ಹಿಡಿಯ ತುದೀಲಿ ದಿಕ್ಸೂಚಿ. ಮನುಷ್ಯ ಎ4 ಹಾಳೆ ಎತ್ತಿ ಹಿಡಿದು ಸರ್ರಂತ ಕೊಯ್ದ. ಟೊಮೆಟೊ ಕೊಯ್ದ. ಅಲಗಿಗೆ ಅಯಸ್ಕಾಂತ ಅಂಟಿಸಿ, “ನೋಡಿ ಫ್ರೆಂಡ್ಸ್, ಒರಿಜಿನಲ್ ಜಪಾನಿ 440 ಸ್ಟೀಲ್, ಫುಲ್ ಟ್ಯಾಂಗ್, ಬಿಸಿಲೆ ಘಾಟಿಲಿ ಕಳೆದುಹೋದ್ರೂ ಇದೊಂದು ಸಾಕು” ಅಂದ. ಆಮೇಲೆ ದಿಕ್ಸೂಚಿ ಇರೋ ಮುಚ್ಚಳ ತಿರುಗಿಸಿ, ಹಿಡಿಯೊಳಗಿಂದ ಬೆಂಕಿಕಡ್ಡಿ, ಮೀನು ಗಾಳ, ದಾರ ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟ. ನಾನು ಬಾಯಿ ಬಿಟ್ಕೊಂಡು ನೋಡಿದೆ. ಕೆಳಗೆ ಲಿಂಕ್ ಇತ್ತು. ಒತ್ತಿದೆ. ಯುಪಿಐ ಮಾಡಿದೆ.

(ಬಿಸಿಲೆ ರಕ್ಷಿತಾರಣ್ಯ ಸ್ವಾಮಿ. ಅಲ್ಲಿ ಚಾಕು ತಗೊಂಡು ಕೊಂಬೆ ಕಡಿಯೋಕೆ ಹೋದ್ರೆ ಫಾರೆಸ್ಟ್‌ನೋರ ಕೈಯಿಂದ ನೀವು ಸರ್ವೈವ್ ಆಗಬೇಕು, ಕಾಡಿಂದಲ್ಲ.)

ಪಾರ್ಸೆಲ್ ಬಂತು. ಡಬ್ಬ ಚೆನ್ನಾಗಿತ್ತು. ಅದೇ ಭಾನುವಾರ ಬಾಳ್ಳುಪೇಟೆಗೆ ಹೋದೆ. ಬೆಳಿಗ್ಗೆ ಏಳು ಗಂಟೆ, ಕೆಟ್ಟ ಚಳಿ, ಅತ್ತೆ ಹಂಡೆ ಒಲೆಗೆ ಸೌದೆ ಕೇಳಿದ್ರು. ಒಳ್ಳೆ ಅವಕಾಶ ಅನ್ಕೊಂಡು ಸೊಂಟದಿಂದ ತೆಗೆದೆ. ಮಾವ ಕಾಫಿ ಲೋಟ ಹಿಡ್ಕೊಂಡು ನೋಡ್ತಾ ನಿಂತ್ರು, ಕಣದಲ್ಲಿದ್ದೋರೂ ತಿರುಗಿದ್ರು. ಮಣಿಕಟ್ಟಿನ ದಪ್ಪದ ಒಣ ಸಿಲ್ವರ್ ತುಂಡು ನಿಲ್ಲಿಸಿ, ಮೇಲೆ ಅಲಗಿಟ್ಟು, ಬೆನ್ನಿಗೆ ಇನ್ನೊಂದು ಕಟ್ಟಿಗೆಯಿಂದ ಹೊಡೆದೆ. ಕ್ಯಾಂಪಿಂಗ್ ಮಾಡೋರು ಸೌದೆ ಸೀಳೋದೇ ಹೀಗೆ. ಒಂದೇಟು. ಎರಡೇಟು. ಹಲ್ಲಿನ ಜಾಗಕ್ಕೆ ಏಟು ಬಿದ್ದು ಕಟ್ಟಿಗೆ ಸಿಪ್ಪೆ ಎದ್ದು ಮುಖಕ್ಕೆ ಹಾರ್ತು. ಮೂರನೇ ಏಟಿಗೆ ಟಕ್ ಅಂತು. ಹಿಡಿ ನನ್ನ ಕೈಲಿ. ಅಲಗು ಕಟ್ಟಿಗೇಲಿ.

ಯಾರೂ ನಗಲಿಲ್ಲ. ನಕ್ಕಿದ್ರೆ ಚೆನ್ನಾಗಿತ್ತು. “ಅಳಿಯಂದ್ರೆ, ಕೈಗೇನೂ ಆಗ್ಲಿಲ್ಲ ತಾನೆ?” ಅಂದ್ರು ಮಾವ.

ಅಲಗು ಕಿತ್ತು ನೋಡಿದ್ರು. ಹಿಡಿಯೊಳಗೆ ಕೂರೋ ಅದರ ಬಾಲ ನನ್ನ ಮಗಳ ಪೆನ್ಸಿಲ್‌ಗಿಂತ ಸಣ್ಣ, ಒಂದೂವರೆ ಇಂಚು ಉದ್ದ, ಕೊನೇಲಿ ತಿರುಪು ಕೊರೆದು ಒಂದೇ ಒಂದು ನಟ್ಟು. “ಇಷ್ಟೇನಾ ಇದನ್ನ ಹಿಡ್ಕೊಂಡಿದ್ದು?” ಅಂತ ಕೇಳಿದ್ರು. ನನ್ನನ್ನಲ್ಲ, ಅಲಗನ್ನ ಕೇಳಿದ ಹಾಗೆ. ಆಮೇಲೆ ಕೊಟ್ಟಿಗೆಯಿಂದ ಅರ ತಂದು ಅಲಗಿನ ಬಾಯಿ ಮೇಲೆ ಒಂದ್ಸಲ ಎಳೆದ್ರು. ಕಪ್ಪು ಬಣ್ಣ ಹೋಗಿ ಬೆಳ್ಳಗಾಯ್ತು, ಪುಡಿ ಉದುರ್ತು, ರಂಗೋಲಿ ಪುಡಿ ಥರ. ತಮ್ಮ ಕತ್ತಿ ಮೇಲೂ ಎಳೆದ್ರು. ಲಾರಿ ಸ್ಪ್ರಿಂಗ್ ಪ್ಲೇಟಿಂದು ಅದು, ಕುಲುಮೇಲಿ ಕಾಯಿಸಿ ಬಡಿದು ಮಾಡಿಸಿದ್ದು. ಅರ ಅಷ್ಟಾಗಿ ಕಚ್ಚಲಿಲ್ಲ, ಕಿರ್ ಅಂತ ಜಾರ್ತು, ಅಷ್ಟು ಗಟ್ಟಿ. ಹಿಡಿ ಹಿಂದೆ ತೋರಿಸಿದ್ರು. ಬಾಲ ಮರದ ಹಿಡಿಯೊಳಗೆ ಪೂರ್ತಿ ಹಾದು ಆಚೆ ಬಂದು ಮಡಚಿ ಕೂತಿದೆ. ಬಾಯಲ್ಲಿ ಏನೂ ಹೇಳಲಿಲ್ಲ. ಅರ ಒಳಗಿಟ್ಟು ಬಂದು ಕಾಫಿ ಕುಡಿದ್ರು.

ಚಿಕ್ಕಮಗಳೂರಲ್ಲಿ ನನಗೊಬ್ಬ ಚಾಕು ಹುಚ್ಚಿನ ಸ್ನೇಹಿತ ಇದಾನೆ. ಫೋಟೋ ಕಳಿಸಿದೆ, ಜೊತೆಗೆ ವೀಡಿಯೋ ಲಿಂಕ್. ಹತ್ತು ನಿಮಿಷಕ್ಕೆ ಫೋನು. “ಮಾರಾಯ, ಹಿಡಿ ಟೊಳ್ಳು ಅಂತ ಅವನೇ ಮುಚ್ಚಳ ತೆಗೆದು ತೋರಿಸ್ತಿದಾನಲ್ಲ. ಹಿಡಿಯೊಳಗೆ ಬೆಂಕಿಕಡ್ಡಿ ಇದ್ಮೇಲೆ ಫುಲ್ ಟ್ಯಾಂಗ್ ಎಲ್ಲಿರತ್ತೆ? ನಿನ್ನ ತಲೇಲಾ?”

ಇಲ್ಲೇ ನಾನು ಸತ್ತಿದ್ದು. ಚಾಕು ಮುರಿದಾಗಲ್ಲ, ಇಲ್ಲಿ. ಫುಲ್ ಟ್ಯಾಂಗ್ ಅಂದ್ರೆ ಅಲಗಿನ ಕಬ್ಬಿಣವೇ ಹಿಡಿಯ ಕೊನೆವರೆಗೂ ಬರಬೇಕು. ಅದು ನಂಗೆ ಗೊತ್ತಿತ್ತು! ಗೊತ್ತಿದ್ದೂ ಗೊತ್ತಿದ್ದೂ, ಒಂದೇ ವೀಡಿಯೋದಲ್ಲಿ ನಾಲ್ಕು ನಿಮಿಷದ ಅಂತರದಲ್ಲಿ ಎರಡನ್ನೂ ತೋರಿಸಿದ್ರೂ ಹೊಳೀಲಿಲ್ಲ. ಹೇಳಿದವನಿಗೂ ಹೊಳೆದಿಲ್ಲ, ಅಥವಾ ಹೊಳೆದೂ ಹೇಳಿದಾನೆ.

ಚಾಕು ಹುಚ್ಚರಿಗೆ ಈ ರಿವ್ಯೂಗಳ ಮೇಲೆ ಯಾಕಿಷ್ಟು ಕೋಪ ಅಂತ ಅವತ್ತು ಗೊತ್ತಾಯ್ತು. “ಇವರು ಚಾಕುನ ಮೊಬೈಲ್ ಥರ ನೋಡ್ತಾರೆ, ಫೀಚರ್ ಎಣಿಸ್ತಾರೆ” ಅಂದ. ಗ್ರೈಂಡರ್ ಮೇಲೆ ಹೊಸದಾಗಿ ಸಾಣೆ ಹಿಡಿದ್ರೆ ಎಂಥ ಮೆತ್ತನೆ ತಗಡೂ ಹಾಳೆ ಕೊಯ್ಯತ್ತಂತೆ. ತೆಂಗಿನ ನಾರಿನ ಹಗ್ಗ ಐವತ್ತು ಸಲ ಕೊಯ್ದ ಮೇಲೂ ಹಾಳೆ ಕೊಯ್ಯತ್ತಾ ಅನ್ನೋದೇ ಪ್ರಶ್ನೆ, ಅದನ್ನ ಯಾರೂ ತೋರಿಸಲ್ಲ. ಅಯಸ್ಕಾಂತ? ಅದು ಬಾವಿ ರಾಟೆಗೂ ಅಂಟತ್ತೆ. 440 ಜಪಾನಿನ ನಂಬರೇ ಅಲ್ಲ, ಅಮೆರಿಕದ್ದು. ಅದರಲ್ಲೂ ಎ, ಬಿ, ಸಿ ಅಂತ ಮೂರಿದೆ. ಎ ಅಂದ್ರೆ ಗಟ್ಟಿತನ ಕೊಡೋ ಕಾರ್ಬನ್ ಶೇ 0.60ರಿಂದ 0.75, ಸಿ ಅಂದ್ರೆ 0.95ರಿಂದ 1.20. ಯಾವುದು ಅಂತ ಹೇಳದೆ ಬರೀ 440 ಅಂದ್ರೆ ‘ಗೌಡ್ರ ಮನೆ ಎಲ್ಲಿ’ ಅಂತ ಹಾಸನದಲ್ಲಿ ಕೇಳಿದ ಹಾಗೆ. ಸಿ ಆದ್ರೂ ಕಾಯಿಸಿ ತಣಿಸೋ ಹದ ಸರಿಯಿಲ್ದೇ ಇದ್ರೆ ಸೊನ್ನೆ. ಬೆನ್ನ ಮೇಲಿನ ಹಲ್ಲು ಎಡಬಲ ಬಾಗಿಸಿರಲ್ಲ, ಅದಕ್ಕೇ ಮರದೊಳಗೆ ಸಿಕ್ಕಿಹಾಕ್ಕೊಳ್ಳತ್ತೆ. ದಿಕ್ಸೂಚಿಯಂತೂ ಪಕ್ಕದಲ್ಲೇ ಕಬ್ಬಿಣ ಇರೋದ್ರಿಂದ ಮುಳ್ಳು ಅತ್ತ ಎಳೀತದೆ. (ಹೌದು, ಪರೀಕ್ಷೆ ಮಾಡಿದೆ. ಅಲಗಿನ ತುಂಡು ಹತ್ತಿರ ತಂದ್ರೆ ಉತ್ತರ ಎದ್ದು ಸಕಲೇಶಪುರದ ಕಡೆ ಹೋಯ್ತು.)

ಅವನಿಗೆ ಇನ್ನೂ ಸಿಟ್ಟು ಬರೋದು ದಿನಬಳಕೆ, ಸರ್ವೈವಲ್ ಎರಡನ್ನೂ ಒಂದೇ ಲಿಸ್ಟಿಗೆ ಹಾಕೋದಕ್ಕೆ. ಪಾರ್ಸೆಲ್ ಬಿಚ್ಚೋಕೆ, ಸೇಬು ಹೆಚ್ಚೋಕೆ ತೆಳ್ಳಗಿನ ಅಲಗು ಬೇಕು. ಫ್ರಾನ್ಸಿನ ಒಪಿನೆಲ್ 8ನೇ ನಂಬರು, ಎಂಟೂವರೆ ಸೆಂಟಿಮೀಟರ್ ಅಲಗಿನ ಮಡಚೋ ಚಾಕು, ಅವನ ಜೇಬಲ್ಲಿ ಯಾವಾಗಲೂ ಇರೋದು ಅದೇ. ಅದರಲ್ಲಿ ಸೌದೆ ಒಡೀಬೇಡ. ಸೌದೆ ಒಡೆಯೋದ್ರಲ್ಲಿ ಟೊಮೆಟೊ ಕೊಯ್ಯಬೇಡ. ಹಾಗಂತ ಫುಲ್ ಟ್ಯಾಂಗೇ ದೇವರು ಅಂತಲೂ ಅಲ್ಲವಂತೆ. ಸ್ವೀಡನ್ನಿನ ಮೋರಾ ಕಂಪ್ಯಾನಿಯನ್‌ಗೆ ಪ್ಲಾಸ್ಟಿಕ್ ಹಿಡಿ, ಬಾಲ ಹಿಡಿಯ ಕೊನೆವರೆಗೂ ಹೋಗಲ್ಲ, ಆದ್ರೂ ಹುಚ್ಚರೆಲ್ಲ ಅದನ್ನೇ ಹೊಗಳ್ತಾರೆ. “ಇಂಥ ಲಿಸ್ಟಲ್ಲಿ ಅದು ಬಂದ್ರೆ ಐದನೇದು. ದಿಕ್ಸೂಚಿ ಇಲ್ವಲ್ಲ.”

ಇಷ್ಟು ಹೇಳೋಕೆ ಮುಕ್ಕಾಲು ಗಂಟೆ ತಗೊಂಡ. ನನ್ನ ಸ್ನೇಹಿತನ ಬಗ್ಗೆಯೂ ಒಂದು ಮಾತು ಬಿಡದೆ ಹೇಳ್ಬೇಕು. ಒಂಬತ್ತು ಸಾವಿರ ರೂಪಾಯಿದೊಂದು ಚಾಕುನ ಎಣ್ಣೆ ಬಟ್ಟೇಲಿ ಸುತ್ತಿ ಬೀರುವಿನಲ್ಲಿಟ್ಟಿದಾನೆ, ಅದರಲ್ಲಿ ಒಂದು ಈರುಳ್ಳಿಯೂ ಕೊಯ್ದಿಲ್ಲ. ತಗೊಳ್ಳೋ ಮುಂಚೆ ಕೇಳಿದ್ರೆ “ನಿಂಗ್ಯಾಕೆ ಅದೆಲ್ಲ” ಅಂತಿದ್ದ. ಈಗ ಜ್ಞಾನ.

ಇನ್ನು ಮಾರಿದವರ ಕತೆ. ವಾಟ್ಸಾಪ್‌ನಲ್ಲಿ ಫೋಟೋ ಹಾಕಿದೆ.

“ಹಾಯ್ ಡಿಯರ್ ಕಸ್ಟಮರ್, ಅನ್‌ಬಾಕ್ಸಿಂಗ್ ವೀಡಿಯೋ ಇದೆಯಾ?”

ಡಬ್ಬದೊಳಗೆ ಮುರಿದಿರಲಿಲ್ಲ, ಒಲೆ ಮುಂದೆ ಮುರಿದಿದ್ದು ಅಂದೆ.

“ಸರ್, ಕಟ್ಟಿಗೆ ಒಡೆದಿದ್ದೀರಾ. ಇದು ಕ್ಯಾಂಪಿಂಗ್ ಚಾಕು ಸರ್.”

ಕ್ಯಾಂಪಿಂಗ್‌ನಲ್ಲಿ ಮತ್ತೇನು ಮಾಡ್ತಾರೆ, ಕೇಕ್ ಕಟ್ ಮಾಡ್ತಾರಾ ಅಂತ ಕೇಳಿದೆ. ಅದಕ್ಕೆ ಎರಡು ದಿನ ಉತ್ತರ ಇಲ್ಲ. ನೀಲಿ ಗೆರೆ ಮಾತ್ರ. ಮೂರನೇ ದಿನ: “ಬಿಲ್ ಚೆಕ್ ಮಾಡಿ ಸರ್.” ತೆಗೆದು ನೋಡಿದೆ. ಡಬ್ಬದ ಅಡಿಯಲ್ಲಿ ನಾಲ್ಕು ಮಡಿಕೆ ಮಾಡಿಟ್ಟಿದ್ದ ಬಿಲ್ಲಿನಲ್ಲಿ ಚಾಕು ಅನ್ನೋ ಪದವೇ ಇಲ್ಲ. ‘ಶೋ ಪೀಸ್ — 1.’ ನಾನು ಶೋಕೇಸ್ ಗೊಂಬೇಲಿ ಸೌದೆ ಒಡೆದಿದ್ದೀನಿ!

ವೀಡಿಯೋ ಮಾಡಿದವನಿಗೂ ಕಾಮೆಂಟ್ ಹಾಕಿದೆ, ಮರ್ಯಾದೆಯಾಗೇ. ಮೊದಲು ಒಂದು ಹಾರ್ಟ್ ಒತ್ತಿದ. ಮುರಿದ ಚಾಕುಗೆ ಹಾರ್ಟ್! ಆಮೇಲೆ “ಬ್ರೋ, ನಾನು ಜಸ್ಟ್ ಇನ್ಫಾರ್ಮೇಶನ್ ಕೊಟ್ಟಿದ್ದು, ತಗೊಳ್ಳೋದು ನಿಮ್ಮ ಚಾಯ್ಸ್.” ಆ ಲಿಂಕಿಂದ ನಿಮಗೆ ಕಮಿಷನ್ ಬರತ್ತಾ ಅಂತ ಕೇಳಿದೆ. ಅರ್ಧ ಗಂಟೇಲಿ ನನ್ನ ಕಾಮೆಂಟೇ ಮಾಯ. ಕಂಪನಿಯಿಂದ ದುಡ್ಡು, ವಸ್ತು ಏನಾದ್ರೂ ಪಡೆದು ಹೊಗಳಿದ್ರೆ ಎದ್ದು ಕಾಣೋ ಹಾಗೆ ಹೇಳ್ಬೇಕು ಅಂತ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೇ ಹೇಳಿದೆ. ಈ ಮನುಷ್ಯ ಹನ್ನೊಂದು ನಿಮಿಷದಲ್ಲಿ ಒಂದು ಸಲ ಬಾಯಿ ಬಿಟ್ಟಿಲ್ಲ. ಅದೇ ಲಿಸ್ಟಿನ ಮೂರನೇದಕ್ಕೆ ಹನ್ನೆರಡಿಂಚಿನ ಅಲಗು ಬೇರೆ. ಮನೆಗೆಲಸಕ್ಕೆ, ಬೇಸಾಯಕ್ಕೆ ಅಂತ ಮಾಡಿದ್ದಲ್ಲದಿದ್ರೆ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ್ದು ಆಯುಧ ಕಾನೂನಿನ ಲೆಕ್ಕಕ್ಕೆ ಬರತ್ತೆ. ಅದನ್ನೂ ಹೇಳಲಿಲ್ಲ. ಟೊಮೆಟೊ ಮಾತ್ರ ಎಷ್ಟು ತೆಳ್ಳಗೆ ಬಂತು ನೋಡಿ ಫ್ರೆಂಡ್ಸ್!

ನಾನು ಹೇಳೋದಿಷ್ಟೇ. ಹಿಡಿಯೊಳಗೆ ಸಾಮಾನು ತುಂಬೋ ಚಾಕು ತಗೋಬೇಡಿ. ಟೊಮೆಟೊ ಕೊಯ್ಯೋನ ಮಾತು ನಂಬಬೇಡಿ. ಒಂದು ಮಳೆಗಾಲ ಬಳಸಿ, ತುಕ್ಕು ಹಿಡಿದದ್ದು, ಮೊಂಡಾದದ್ದು ತೋರಿಸ್ತಾನಾ ನೋಡಿ, ಆಗ ಕೇಳಿ. ದುಡ್ಡು ಕೊಡೋ ಮುಂಚೆ ಬಿಲ್ಲಿನಲ್ಲಿ ಏನಂತ ಬರೀತೀರಾ ಅಂತ ಕೇಳಿ, ನಾನು ಕೇಳಲಿಲ್ಲ. ಮೋಸ ಹೋಗಿದ್ರೆ ಗ್ರಾಹಕ ಸಹಾಯವಾಣಿ 1915. ನಾನೂ ದೂರು ಕೊಟ್ಟಿದೀನಿ, ಬಿಲ್ಲಿನ ಫೋಟೋ ಸಮೇತ.

ಹೋದ ಭಾನುವಾರ ಊರಿಗೆ ಹೋದಾಗ ಮಾವ ಏನೂ ಹೇಳದೆ ಒಂದು ಕತ್ತಿ ಕೈಗೆ ಕೊಟ್ರು. ಹಳೇದು, ಅತ್ತೆ ಹುಲ್ಲು ಕೊಯ್ಯೋಕೆ ಬಳಸ್ತಿದ್ದದ್ದು. ತಗೊಂಡೆ. ಮುರಿದ ಹಿಡಿ ಮಾತ್ರ ಅಲ್ಲೇ ಒಲೆ ಕಟ್ಟೆ ಮೇಲಿದೆ, ಅತ್ತೆ ಅದರಲ್ಲಿ ಬೆಂಕಿಕಡ್ಡಿ ತುಂಬಿಟ್ಟಿದ್ದಾರೆ. ಥಂಡಿ ಹಿಡಿಯಲ್ವಂತೆ.

ಅಪ್‌ಡೇಟ್: ಇದನ್ನ ಬರೆದು ಮುಗಿಸೋ ಹೊತ್ತಿಗೆ ಮಾರಿದವರಿಂದ ಮೆಸೇಜ್ ಬಂತು. ರೀಫಂಡ್ ಅನ್ಕೊಂಡು ತೆಗೆದೆ. “ಡಿಯರ್ ಕಸ್ಟಮರ್, ನಮ್ಮ ಸರ್ವೈವಲ್ ಚಾಕು ಹೇಗಿದೆ? 5 ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟ್ ಕಳಿಸಿ, ಮುಂದಿನ ಆರ್ಡರ್‌ಗೆ ಶೇ 10 ರಿಯಾಯಿತಿ.”