ಪರದೆ ಮೇಲೆ ಮೆಕ್ಕೆಜೋಳ, ಪಟ್ಟಿ ಮೇಲೆ ಮೆಕ್‌ಕೆಜೋಳ: ಫ್ಲಟರ್ ಜೊತೆ 2025

ಫ್ಲಟರ್ ಅಂದರೆ ಒಂದೇ ಕೋಡಿನಿಂದ ಆಂಡ್ರಾಯ್ಡ್, ಐಫೋನ್, ವೆಬ್ ಮೂರಕ್ಕೂ ಆ್ಯಪ್ ಕಟ್ಟೋ ಗೂಗಲ್‌ನ ಸಾಧನ, ಡಾರ್ಟ್ ಅದರ ಭಾಷೆ. ಅದಕ್ಕಿಂತ ಹೆಚ್ಚು, ಕಲಿಯೋದು ಹೇಗೆ ಅನ್ನೋದನ್ನೆಲ್ಲ ಇಲ್ಲಿ ಬರೆಯಲ್ಲ. ಯೂಟ್ಯೂಬ್ ತುಂಬ ಅದೇ ಇದೆ. ನಾನು ದಾವಣಗೆರೆಯಲ್ಲಿ ಕೂತು ಎಪಿಎಂಸಿ ಮಂಡಿಗಳಿಗೆ, ಸುತ್ತಮುತ್ತಲಿನ ಅಂಗಡಿಗಳಿಗೆ ಲೆಕ್ಕದ ಆ್ಯಪ್ ಮಾಡಿಕೊಡುವವನು. ಕಂಪನಿ ಇಲ್ಲ, ಟೀಮ್ ಇಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ 8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್, ಮೊಬೈಲ್ ಹಾಟ್‌ಸ್ಪಾಟ್, ಅಷ್ಟೇ ಬಂಡವಾಳ. ಬೆಂಗಳೂರಿನಲ್ಲಿ ಕಂಪನಿ ಕೊಟ್ಟ ಮ್ಯಾಕ್‌ಬುಕ್ ಇರೋರಿಗೆ ನನ್ನ ಅರ್ಧ ಗೊಣಗಾಟ ಅರ್ಥವೇ ಆಗಲಿಕ್ಕಿಲ್ಲ.

ಮೊದಲು ಖುಷಿ ಕೊಟ್ಟದ್ದನ್ನೇ ಹೇಳಿಬಿಡ್ತೀನಿ. ಹಾಟ್ ರಿಲೋಡ್. ಹೊಸದೇನಲ್ಲ, ಫ್ಲಟರ್ ಹುಟ್ಟಿದಾಗಿಂದ ಇದೆ. ಆದರೂ ನನಗೆ ಇನ್ನೂ ಹಳತಾಗಿಲ್ಲ. ಮಂಡಿಯಲ್ಲಿ ಗಾದಿ ಪಕ್ಕ ಕೂತು ಫೋನಿಗೆ ಕೇಬಲ್ ಚುಚ್ಚಿರ್ತೀನಿ. ರೈತರ ಹೆಸರು, ಊರು, ಚೀಲ, ತೂಕ ಎಲ್ಲ ಅರ್ಧ ತುಂಬಿದ ಫಾರಂ ಪರದೆ ಮೇಲೆ ಇರುತ್ತೆ. ಸಾಹುಕಾರರು ಕನ್ನಡಕ ಏರಿಸಿಕೊಂಡು, "ತೂಕ ಕಾಣಂಗಿಲ್ಲ, ಸ್ವಲ್ಪ ದಪ್ಪ ಮಾಡಪ್ಪ" ಅಂತಾರೆ. ಕೋಡಿನಲ್ಲಿ ಒಂದು ಅಂಕಿ ಬದಲಿಸಿ ಸೇವ್ ಒತ್ತಿದರೆ ಸಾಕು, ಅವರ ಕಣ್ಣ ಮುಂದೆಯೇ ತೂಕ ದಪ್ಪ ಆಗುತ್ತೆ. ತುಂಬಿದ ಹೆಸರು ಹೋಗಲ್ಲ, ಚೀಲದ ಲೆಕ್ಕ ಅಳಿಸಲ್ಲ. ಓಡುತ್ತಿರುವ ಆ್ಯಪಿನೊಳಗೆ ಬದಲಾದ ಕೋಡನ್ನಷ್ಟೇ ತೂರಿಸಿ, ಪರದೆಯನ್ನು ಮತ್ತೆ ಕಟ್ಟಿ, ಒಳಗಿನ ಸ್ಥಿತಿಯನ್ನು ಇದ್ದ ಹಾಗೇ ಬಿಡೋದು ಇದರ ಕೆಲಸ.

ಇದರಿಂದ ಒಂದು ನಷ್ಟವೂ ಇದೆ. ಸಾಹುಕಾರರು ಅದನ್ನು ನೋಡಿ "ಇಷ್ಟೇನಾ?" ಅಂದುಬಿಟ್ಟರು. ಒಂದು ಬಟನ್ ಒತ್ತೋದಕ್ಕೆ ಇಷ್ಟು ದುಡ್ಡು ಯಾಕೆ ಅಂತ ಅಲ್ಲೇ ಚೌಕಾಸಿ ಶುರು. ಆಮೇಲಿಂದ ಗಿರಾಕಿ ಎದುರಿಗೆ ಸೇವ್ ಒತ್ತುವಾಗ ಸ್ವಲ್ಪ ಹೊತ್ತು ಗಂಭೀರವಾಗಿ ಪರದೆ ನೋಡೋದನ್ನು ರೂಢಿ ಮಾಡಿಕೊಂಡಿದ್ದೀನಿ.

2025ರ ಶುರುವಿನಲ್ಲಿ ಡಾರ್ಟ್ ತಂಡ ಮ್ಯಾಕ್ರೋ (ಕೋಡೇ ಕೋಡ್ ಬರೆಯೋ ಸೌಲಭ್ಯ) ಕೆಲಸವನ್ನು ಕೈಬಿಟ್ಟಾಗ ನನಗೆ ಬೇಜಾರಾಗಲಿಲ್ಲ. ಜೇಸನ್ (ಆ್ಯಪ್‌ಗಳು ಮಾಹಿತಿ ಕಳಿಸಿಕೊಳ್ಳೋ ರೂಪ) ಓದೋ ಕೋಡನ್ನು ಕೈಯಲ್ಲಿ ಬರೆಯೋದು ತಪ್ಪುತ್ತೆ ಅಂತ ಎಷ್ಟೋ ಜನ ಅದಕ್ಕೇ ಕಾಯ್ತಿದ್ದರು. ಆದರೆ ಮ್ಯಾಕ್ರೋ ಬಂದರೆ ಕಂಪೈಲ್ ಭಾರ ಆಗಿ ಹಾಟ್ ರಿಲೋಡನ್ನು ಚುರುಕಾಗಿ ಇಡೋದು ಕಷ್ಟ ಅನ್ನೋದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಸರಿಯಾಗೇ ಮಾಡಿದರು. ಜೇಸನ್ ಕೋಡನ್ನು ನಾನು ಕೈಯಲ್ಲೇ ಬರೆದುಕೊಳ್ತೀನಿ, ರಿಲೋಡ್ ಒಂದು ನಿಧಾನ ಆಗದಿದ್ದರೆ ಸಾಕು. ಮೇ ತಿಂಗಳ ಫ್ಲಟರ್ 3.32 ಆವೃತ್ತಿಯಲ್ಲಿ ವೆಬ್‌ಗೂ ಹಾಟ್ ರಿಲೋಡ್ ಪ್ರಯೋಗಕ್ಕೆ ಬಂತು, ಆಗಸ್ಟ್‌ನ 3.35ರಿಂದ ತಾನಾಗೇ ಆನ್ ಇರುತ್ತೆ. ಅಲ್ಲಿಯವರೆಗೆ ಬ್ರೌಸರ್‌ನಲ್ಲಿ ಒಂದು ಬಣ್ಣ ಬದಲಿಸಿದರೂ ಆ್ಯಪ್ ಮೊದಲಿಂದ ಶುರುವಾಗೋದು.

ಇನ್ನು ದಿನದ ಮೊದಲ ಬಿಲ್ಡ್, ಅಂದರೆ ಕೋಡನ್ನು ಆ್ಯಪ್ ಆಗಿ ಕಟ್ಟೋದು. ಆ ಕಟ್ಟೋ ಕೆಲಸದ ಗ್ರೇಡಲ್ ಎದ್ದಿತು ಅಂದರೆ ಫ್ಯಾನ್ ಕಿರುಚೋಕೆ ಶುರು, ಮೌಸ್ ಅಲ್ಲಾಡಲ್ಲ. ಹಾಗಾಗಿ ಕ್ರೋಮ್‌ನ ಎಲ್ಲ ಟ್ಯಾಬ್ ಮುಚ್ಚಿ, ವಾಟ್ಸ್‌ಆ್ಯಪ್ ಮುಚ್ಚಿ, ಎಮ್ಯುಲೇಟರ್ (ಲ್ಯಾಪ್‌ಟಾಪ್ ಒಳಗಿನ ನಕಲಿ ಫೋನ್) ತಂಟೆಗೆ ಹೋಗದೆ, ನಿಜವಾದ ಫೋನ್ ಸಿಕ್ಕಿಸಿ ರನ್ ಕೊಟ್ಟು ಎದ್ದುಬಿಡ್ತೀನಿ. ಸಂಜೆಯಾಗಿದ್ದರೆ ರಸ್ತೆ ತುದಿಯ ಗಾಡಿಯಲ್ಲಿ ಒಂದು ಪ್ಲೇಟ್ ನರ್ಗಿಸ್ ಮಂಡಕ್ಕಿ, ಎರಡು ಮಿರ್ಚಿ. ಬಂದು ಕೈ ಒರೆಸಿಕೊಂಡು ಕೂರೋ ಹೊತ್ತಿಗೆ ಆ್ಯಪ್ ತೆರೆದಿರುತ್ತೆ. ಕೆಲವು ಸಲ ಕೆಂಪು ಅಕ್ಷರದ ಎರರ್ ಕೂತಿರುತ್ತೆ. ಆಗ ಹಳೇ ಬಿಲ್ಡ್ ಅಳಿಸೋ ಫ್ಲಟರ್ ಕ್ಲೀನ್, ಲೈಬ್ರರಿಗಳನ್ನು (ಬೇರೆಯವರು ಬರೆದಿಟ್ಟ ಕೋಡ್) ಮತ್ತೆ ತರಿಸೋ ಪಬ್ ಗೆಟ್, ಮತ್ತೆ ಅದೇ ಕಥೆ. ಮಿರ್ಚಿ ಮಾತ್ರ ಮತ್ತೆ ಬೇಡ.

ಉಳಿದ ಅಪ್‌ಡೇಟ್‌ಗಳ ಬಗ್ಗೆ ಚುಟುಕಾಗಿ. 2024ರ ಡಿಸೆಂಬರ್‌ನ 3.27ರಿಂದ ಆಂಡ್ರಾಯ್ಡ್ 10 ಮತ್ತು ಅದಕ್ಕಿಂತ ಹೊಸ ಫೋನ್‌ಗಳಲ್ಲಿ ಇಂಪೆಲ್ಲರ್ ಅನ್ನೋ ಹೊಸ ರೆಂಡರರ್ ಚಿತ್ರ ಬಿಡಿಸುತ್ತೆ. ಶೇಡರ್‌ಗಳು (ಚಿತ್ರ ಬಿಡಿಸೋ ಸಣ್ಣ ಪ್ರೋಗ್ರಾಂಗಳು) ಮೊದಲೇ ತಯಾರಾಗಿರೋದರಿಂದ ಪಟ್ಟಿಗಳ (ರೈತರಿಗೆ ಕೊಡೋ ಲೆಕ್ಕದ ಚೀಟಿ) ಲಿಸ್ಟನ್ನು ಮೊದಲ ಸಲ ಎಳೆದಾಗ ಆಗುತ್ತಿದ್ದ ಜಗ್ಗಾಟ ನನ್ನ ಗಿರಾಕಿಗಳ ಫೋನ್‌ಗಳಲ್ಲಿ ನಿಂತಿತು. ನವೆಂಬರ್‌ನ 3.38 ಜೊತೆಗೆ ಬಂದ ಡಾರ್ಟ್ 3.10ರಲ್ಲಿ, ನಡುವೆ ಜೋಡಿಸು ಅನ್ನೋಕೆ 'ಮೇನ್‌ಆ್ಯಕ್ಸಿಸ್‌ಅಲೈನ್‌ಮೆಂಟ್ ಡಾಟ್ ಸೆಂಟರ್' ಅಂತ ಮಾರುದ್ದ ಬರೆಯೋ ಕಡೆ ಸುಮ್ನೆ 'ಡಾಟ್ ಸೆಂಟರ್' ಅಂದರೆ ಸಾಕು. ಚಿಕ್ಕ ವಿಷಯ, ಆದರೆ ದಿನಾ ಟೈಪ್ ಮಾಡೋ ಬೆರಳಿಗೆ ಗೊತ್ತಾಗುತ್ತೆ. ಅದೇ ನವೆಂಬರ್ 1ರಿಂದ ಪ್ಲೇ ಸ್ಟೋರ್‌ನ 16 ಕೆಬಿ ಮೆಮೊರಿ ಪೇಜ್ (ಫೋನ್ ಒಂದು ಸಲಕ್ಕೆ ಹಂಚೋ ಮೆಮೊರಿ ತುಂಡು) ನಿಯಮವೂ ಜಾರಿಗೆ ಬಂತು. ಆಂಡ್ರಾಯ್ಡ್ 15 ಮತ್ತು ಅದಕ್ಕಿಂತ ಹೊಸದಕ್ಕೆ ಅಂತ ಕಟ್ಟೋ ಆ್ಯಪ್‌ಗಳ ನೇಟಿವ್ (ಫೋನಿನ ಯಂತ್ರಭಾಷೆಯ) ಲೈಬ್ರರಿಗಳೆಲ್ಲ ಅದಕ್ಕೆ ಹೊಂದಬೇಕು. ಸುಗ್ಗಿ ಹೊತ್ತು, ಮೆಕ್ಕೆಜೋಳ ಮಂಡಿಗೆ ಸುರೀತಿದೆ, ನಾನು ಹಳೇ ಪ್ಲಗಿನ್‌ಗಳನ್ನು ಬಿಚ್ಚಿ ಹೊಸದು ಹಾಕ್ತಾ ಕೂತಿದ್ದೆ.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೀತಿರಲಿಲ್ಲ. ಬರೆಸಿದ್ದು ಪ್ರಿಂಟ್.

ಮಂಡಿಯಲ್ಲಿ ರೈತರ ಕೈಗೆ ಹೋಗೋದು ಆ್ಯಪ್ ಅಲ್ಲ, ಪಟ್ಟಿ. ಮಾಲು, ಚೀಲ, ತೂಕ, ದರ, ಹಮಾಲಿ, ಕೊನೆಗೆ ಬರೋ ದುಡ್ಡು. ಅದು ಕನ್ನಡದಲ್ಲೇ ಇರಬೇಕು ಅನ್ನೋದು ನನ್ನ ಹಟ, ಗಿರಾಕಿಗಳದ್ದೂ. ಫ್ಲಟರ್ ಪರದೆ ಮೇಲೆ ಕನ್ನಡ ತೋರಿಸೋದರಲ್ಲಿ ನನ್ನದು ಒಂದೇ ಒಂದು ದೂರು ಇಲ್ಲ. ಒಳಗೆ ಅಕ್ಷರ ಕೂಡಿಸೋ ಹಾರ್ಫ್‌ಬಜ್ ಇದೆ, ಒತ್ತಕ್ಷರ ಅಚ್ಚುಕಟ್ಟಾಗಿ ಕೂರುತ್ತೆ. ಅದೇ ಪಟ್ಟಿಯನ್ನು ಡಾರ್ಟ್‌ನಲ್ಲೇ ಬರೆದ ಒಂದು ಲೈಬ್ರರಿಯಿಂದ ಪಿಡಿಎಫ್ ಮಾಡಿದಾಗ ಮೆಕ್ಕೆಜೋಳ ಹೋಗಿ 'ಮೆಕ್‌ಕೆಜೋಳ' ಆಯ್ತು. ಫಾಂಟ್ ಅದೇ, ನೋಟೋ ಸಾನ್ಸ್ ಕನ್ನಡ. ಫಾಂಟ್ ತಪ್ಪಲ್ಲ. ಅರ್ಧಾಕ್ಷರದ ಪಕ್ಕ ಅಕ್ಷರ ಬಂದರೆ ಅದನ್ನು ಒತ್ತು ಮಾಡಿ ಕೆಳಗೆ ಇಳಿಸು ಅನ್ನೋ ನಿಯಮಗಳು ಫಾಂಟ್ ಫೈಲಿನಲ್ಲೇ ಇರ್ತಾವೆ. ಪರದೆಗೆ ಬರೆಯುವಾಗ ಹಾರ್ಫ್‌ಬಜ್ ಅವನ್ನು ಓದುತ್ತೆ. ಈ ಲೈಬ್ರರಿ ಓದಲ್ಲ, ಒಂದೊಂದು ಚಿಹ್ನೆಯನ್ನೂ ಬಂದ ಸಾಲಿನಲ್ಲೇ ಪಕ್ಕಪಕ್ಕ ಇಟ್ಟು ಕೈ ತೊಳ್ಕೊಳ್ಳುತ್ತೆ.

ನಮ್ಮ ಜಿಲ್ಲೆಯ ತಾಲೂಕುಗಳ ಹೆಸರನ್ನೇ ಹಾಕಿ ನೋಡಿದೆ. ಚನ್ನಗಿರಿ, ಹೊನ್ನಾಳಿ ಎರಡರಲ್ಲೂ ನ್ನ ಒಡೆದು ಎರಡು ಹೋಳು. ನ್ಯಾಮತಿಯ ಮೊದಲ ಅಕ್ಷರವೇ ಚಿಂದಿ. ಒತ್ತೇ ಇಲ್ಲದ ಹರಿಹರ ಬದುಕಿತು ಅಂದುಕೊಂಡರೆ, ಗುಡಿಸು ತಲೆಕಟ್ಟಿಗೆ ಅಂಟದೆ ಪಕ್ಕಕ್ಕೆ ಜಾರಿ ನಿಂತಿತ್ತು. ನಮ್ಮ ದಾವಣಗೆರೆಯ ದೀರ್ಘವೂ, ಎತ್ವವೂ ಬಿಡಿಬಿಡಿ. ಸರಿಯಾಗಿ ಬಂದದ್ದು ಜಗಳೂರು ಒಂದೇ. ಹೆಸರಿನಲ್ಲಿ ಜಗಳ ಇದ್ದರೂ ಫಾಂಟ್ ಜೊತೆ ಅದರದ್ದು ಜಗಳ ಇಲ್ಲ. ಹೊನ್ನಾಳಿ ಕಡೆಯ ರೈತರೊಬ್ಬರು ಪಟ್ಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು, "ಏನಪ್ಪಾ ತಮ್ಮಾ, ನಮ್ಮೂರು ಹಿಂಗೈತೇನು?" ಅಂದರು. ತೂಕ ಸರಿ ಇತ್ತು, ದುಡ್ಡು ಸರಿ ಇತ್ತು. ಆದರೆ ಊರಿನ ಹೆಸರೇ ತಪ್ಪಿರೋ ಪಟ್ಟಿಯ ಲೆಕ್ಕವನ್ನು ಯಾರು ನಂಬ್ತಾರೆ? ಅವರು ಪೆನ್ನು ತರಿಸಿ ಮತ್ತೆ ಕೂಡಿಸಿ ನೋಡಿಯೇ ಎದ್ದದ್ದು.

ವರ್ಷದಲ್ಲಿ ಬಂದ ಒಂದೊಂದು ಹೊಸ ಆವೃತ್ತಿಯ ಬದಲಾವಣೆ ಪಟ್ಟಿಯನ್ನೂ ಇದೊಂದಕ್ಕಾಗಿ ಹುಡುಕಿದೆ. ವೆಬ್, ರೆಂಡರರ್, ಎಐ ಸಹಾಯಕ, ವಿಜೆಟ್ (ಪರದೆಯ ತುಣುಕು) ಪ್ರಿವ್ಯೂ, ಏನೇನೋ ಇದೆ. ಇದು ಫ್ಲಟರ್‌ನ ತಪ್ಪಲ್ಲ, ಪಿಡಿಎಫ್ ಬೇರೆಯವರ ಲೈಬ್ರರಿ ಅಂತ ಹೇಳಬಹುದು. ಸರಿ. ಅದನ್ನು ಪುಕ್ಕಟೆ ಬರೆದುಕೊಟ್ಟವರನ್ನು ಬೈಯೋ ಹಕ್ಕೂ ನನಗಿಲ್ಲ. ಆದರೆ ಅಕ್ಷರ ಕೂಡಿಸೋ ಯಂತ್ರ ಒಳಗೇ ಇದೆ, ಪರದೆಗೆ ದಿನಾ ದುಡೀತಿದೆ. ಕಾಗದಕ್ಕೆ ಅದನ್ನು ಕರೆಯೋ ನೇರ ದಾರಿ ನನಗೆ ಸಿಗಲಿಲ್ಲ. ಕನ್ನಡದವನಿಗೆ ಇದು ಸಣ್ಣ ವಿಷಯ ಅಲ್ಲ ಅಲ್ವಾ?

ಕೊನೆಗೆ ಹಿಡಿದದ್ದು ಚಿತ್ರದ ದಾರಿ. ಪಟ್ಟಿಯನ್ನು ಮಾಮೂಲಿ ವಿಜೆಟ್ ಆಗಿ ಬರೆದು, ರಿಪೇಂಟ್ ಬೌಂಡರಿ ಅನ್ನೋ ಚೌಕಟ್ಟಿನೊಳಗೆ ಇಟ್ಟು, ಅದರ ಫೋಟೋ ತೆಗೆದು ಪ್ರಿಂಟರಿಗೆ ಕಳಿಸೋದು. ಪರದೆ ಮೇಲೆ ಸರಿ ಇದ್ದರೆ ಕಾಗದದ ಮೇಲೂ ಸರಿ. ಮಂಡಿಯಲ್ಲಿರೋದು 58 ಮಿಲಿಮೀಟರ್ ರೋಲಿನ ಬ್ಲೂಟೂತ್ ಪ್ರಿಂಟರ್, ಅಗಲಕ್ಕೆ 384 ಚುಕ್ಕೆ. ಅದಕ್ಕೆ ಕಪ್ಪು ಬಿಟ್ಟರೆ ಬಿಳಿ, ನಡುವಿನ ಬೂದು ಗೊತ್ತಿಲ್ಲ. ಅಕ್ಷರದ ಅಂಚಿನ ಬೂದು ಚುಕ್ಕೆಗಳಲ್ಲಿ ಅರ್ಧಕ್ಕಿಂತ ಗಾಢ ಇದ್ದದ್ದನ್ನು ಕಪ್ಪು ಮಾಡು, ಉಳಿದದ್ದನ್ನು ಬಿಡು ಅಂತ ನಾನೇ ಬರೆಯಬೇಕಾಯ್ತು. ಮೊದಲ ಪ್ರಿಂಟ್‌ಗಳಲ್ಲಿ ಕ್ಕ ಒತ್ತಿನ ಹೊಟ್ಟೆ ತುಂಬಿಕೊಂಡು ಕರಿ ಮುದ್ದೆ ಆಗಿತ್ತು. ಅಕ್ಷರ ದೊಡ್ಡದು ಮಾಡಿದೆ, ಸಾಲಿನ ಅಂತರ ಹೆಚ್ಚಿಸಿದೆ, ದಪ್ಪ ಅಕ್ಷರವನ್ನು ಒಟ್ಟು ಮೊತ್ತಕ್ಕೆ ಮಾತ್ರ ಉಳಿಸಿಕೊಂಡೆ.

ಇದನ್ನೆಲ್ಲ ತಿದ್ದೋ ಹೊತ್ತಿಗೆ ನನ್ನ ಸಿಟ್ಟು ಇಳಿದಿತ್ತು. ಯಾಕಂದರೆ ತಿದ್ದಿದ್ದೇ ಹಾಟ್ ರಿಲೋಡ್‌ನಲ್ಲಿ. ಅಂತರ ಬದಲಿಸು, ಸೇವ್ ಒತ್ತು, ಪ್ರಿಂಟ್ ಒತ್ತು, ಹರಿದು ಬೆಳಕಿಗೆ ಹಿಡಿ. ಪಟ್ಟಿ ಮತ್ತೆ ತುಂಬೋ ಗೋಳಿಲ್ಲ. ಬೇರೆ ಯಾವ ಸಾಧನದಲ್ಲಾದರೂ ಇಷ್ಟು ತಾಳ್ಮೆ ನನಗೆ ಇರುತ್ತಿರಲಿಲ್ಲ.

ಚಿತ್ರ ಆದ್ದರಿಂದ ಪ್ರಿಂಟ್ ನಿಧಾನ. ಬರೀ ಅಕ್ಷರ ಕಳಿಸಿದರೆ ಸರ್ ಅಂತ ಬರೋ ಪಟ್ಟಿ ಈಗ ತೆವಳುತ್ತಾ ಬರುತ್ತೆ. ಸುಗ್ಗಿಯಲ್ಲಿ ಸಾಲು ನಿಂತಾಗ ಹಮಾಲರು, "ನಿಮ್ಮ ಮಿಷನ್‌ಗೆ ಚಹಾ ಕುಡಿಸ್ರೀ" ಅಂತ ರೇಗಿಸ್ತಾರೆ. ವಾಟ್ಸ್‌ಆ್ಯಪಿಗೆ ಕಳಿಸೋ ಪಿಡಿಎಫ್‌ನಲ್ಲೂ ಅದೇ ಚಿತ್ರವೇ ಕೂತಿರೋದರಿಂದ ಅದರಲ್ಲಿ ಹೆಸರು ಹುಡುಕೋಕೆ, ಕಾಪಿ ಮಾಡೋಕೆ ಆಗಲ್ಲ. ಆಡಿಟರ್ ಕಡೆಯವರಿಗೆ ಬೇರೆಯಾಗಿ ಎಕ್ಸೆಲ್ ಕೊಡ್ತೀನಿ.

ವೆಬ್ ಆವೃತ್ತಿ ಬೇಕು ಅನ್ನೋರಿಗೆ ಒಂದು ಮಾತು. ಬ್ರೌಸರಿನದೇ ಅಕ್ಷರ ಬಳಸುತ್ತಿದ್ದ ಹಳೇ ಎಚ್‌ಟಿಎಂಎಲ್ ರೆಂಡರರ್ ಫೆಬ್ರವರಿಯ 3.29ರಲ್ಲಿ ಹೋಯ್ತು. ಈಗ ಕನ್ನಡ ಫಾಂಟನ್ನು ನೀವು ಆ್ಯಪಿನೊಳಗೆ ಕಟ್ಟಿಕೊಡದಿದ್ದರೆ ಅದು ನೆಟ್‌ನಿಂದ ಇಳಿದು ಬರೋವರೆಗೆ ಅಕ್ಷರದ ಜಾಗದಲ್ಲಿ ಚೌಕದ ಡಬ್ಬಿಗಳು ಕಾಣುತ್ತವೆ. ಹಳ್ಳಿ ಕಡೆ ನೆಟ್‌ವರ್ಕ್‌ನಲ್ಲಿ ಆ ಡಬ್ಬಿಗಳನ್ನು ಬೇಕಾದಷ್ಟು ಹೊತ್ತು ನೋಡಬಹುದು. ಫಾಂಟ್ ಫೈಲ್ ಒಳಗೇ ಹಾಕಿಬಿಡಿ.

ನಾನು ಬಿಡ್ತೀನಾ? ಇಲ್ಲ. ಫ್ಲಟರ್‌ಗೆ ಒಂದು ಪೈಸೆ ಕೊಟ್ಟಿಲ್ಲ, ಅದರಿಂದಲೇ ಮನೆ ಬಾಡಿಗೆ ಕಟ್ತೀನಿ. ಐದರಲ್ಲಿ ನಾಲ್ಕು ಸ್ಟಾರ್. ಈಗ ಸಾಹುಕಾರರ ಮಗ ಐಫೋನ್ ತಗೊಂಡಿದ್ದಾನೆ, ಅದರಲ್ಲೂ ಆ್ಯಪ್ ಬೇಕಂತೆ. ಕೋಡ್ ಅದೇ ಆದರೂ ಐಫೋನಿಗೆ ಬಿಲ್ಡ್ ಮಾಡಲು ಮ್ಯಾಕ್ ಬೇಕು, ವರ್ಷಕ್ಕೆ 99 ಡಾಲರ್ ಡೆವಲಪರ್ ಫೀಸು ಬೇರೆ. ಸಾಹುಕಾರರಿಗೆ ಆ ರೇಟು ಹೇಳಿದ್ದೀನಿ. ಮಗನಿಗೇ ಒಂದು ಆಂಡ್ರಾಯ್ಡ್ ಕೊಡಿಸೋದು ಅಗ್ಗ ಅಂತ ಲೆಕ್ಕ ಹಾಕ್ತಿದ್ದಾರೆ.